ಗಂಡನ ಗಾಡಿಗೆ ಹೊಡೀಬಾರದು

ನಗುವ ಮಾತು ಹುಡುಕಿಕೊಂಡು ನಾವು ಎಲ್ಲಿಗೂ ಹೋಗುವುದಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಅವು ತಾವಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ, ಚಹಾ ಕುಡಿದೇ ಹೋಗುತ್ತವೆ. ಮಾವನ ಎಡಗೈ ಸೋತಾಗ, ಇನ್ನು ಸ್ವಲ್ಪ ಕಾಲ ಈ ಮನೆಯಲ್ಲಿ ನಗು ಇಲ್ಲ ಅಂದುಕೊಂಡಿದ್ದೆ. ನನ್ನ ಅಂದಾಜು ಯಾವಾಗಲೂ ತಪ್ಪುತ್ತದೆ. ಲಗ್ನಕ್ಕೆ ಮೊದಲು ನನ್ನ ಗಂಡ ಕಡಿಮೆ ಮಾತಿನವರು ಅಂತಲೂ ಅಂದುಕೊಂಡಿದ್ದೆ.

ಚೆಂಡು

ಮಾವನಿಗೆ ಲಕ್ವಾ ಸಣ್ಣದಾಗಿ ಹೊಡೆದಿತ್ತು. ಮಾತು ಉಳಿಯಿತು, ಕಾಲು ಉಳಿದವು, ಎಡಗೈಯ ಬೆರಳು ಮಾತ್ರ ಹೇಳಿದ್ದು ಕೇಳದಾದವು. ಬೇರೆಯವರಿಗಾದರೆ ಬಲಗೈ ಇದೆಯಲ್ಲ ಎಂದು ಸಮಾಧಾನ ಹೇಳಬಹುದು. ನೇಕಾರನಿಗೆ ಹಾಗೆ ಹೇಳಲು ಬರುವುದಿಲ್ಲ. ಮಗ್ಗದ ಮೇಲೆ ಎಳೆ ಹರಿದರೆ ಗಂಟು ಹಾಕಲು ಎರಡೂ ಕೈಯ ಬೆರಳು ಬೇಕು. ನಮ್ಮ ಕರೆಂಟಿನ ಮಗ್ಗದ ಶೆಡ್ಡು ಮನೆಗೆ ಹೊಂದಿಕೊಂಡೇ ಇದೆ. ಎಳೆ ಹರಿದಾಗ ಮಾವ ಮೊದಲು ತಾವೇ ಕೈ ಹಾಕುತ್ತಿದ್ದರು. ಗಂಟು ಬೀಳುತ್ತಿರಲಿಲ್ಲ. ಆಮೇಲೆ ಮಗನನ್ನು ಕರೆಯುತ್ತಿದ್ದರು. ಕರೆಯುವಾಗ ಮುಖ ಗೋಡೆಯ ಕಡೆ ಇರುತ್ತಿತ್ತು.

ಜಮಖಂಡಿಯ ಡಾಕ್ಟರು ಒಂದು ಮೆತ್ತನೆಯ ಚೆಂಡು ಕೊಟ್ಟು, "ದಿನಾ ಹಿಚುಕ್ರಿ. ಬೆರಳು ಆಡಿಸಿದ್ರ ಕೈ ಬರ್ತೈತಿ, ಬಿಟ್ರ ಹೋಗ್ತೈತಿ," ಎಂದಿದ್ದರು. ಮಾವ ಮನೆಗೆ ಬಂದವರೇ ಅದನ್ನು ನನ್ನ ಮಗಳ ಕೈಗೆ ಕೊಟ್ಟರು.

"ಈ ವಯಸ್ಸಿನ್ಯಾಗ ಚೆಂಡು ಹಿಡ್ಕೊಂಡು ಕುಂದ್ರಲೇನು? ಮಂದಿ ನೋಡಿದ್ರ ಏನಂದಾರು?"

ಮಗಳು ಅದನ್ನು ಸಂಜೆಯೊಳಗೆ ಪಕ್ಕದ ಶೆಡ್ಡಿನ ತಗಡಿನ ಮೇಲೆ ಒಗೆದಳು.

ಅದೇ ವಾರ ನನ್ನ ಗಂಡ ಯಾರೋ ಆಡಿ ಬಿಟ್ಟ ಗೇಮಿನ ಪೆಟ್ಟಿಗೆಯೊಂದನ್ನು ತಂದು ಟಿವಿಗೆ ಹಚ್ಚಿದರು. ಜೊತೆಗೆ ನಾಲ್ಕು ರಿಮೋಟು. ಮಗಳಿಗೆ ಅಂತ ತಂದದ್ದಂತೆ. ಮೊದಲ ದಿನ ಮಗಳಿಗೆ ಮುಟ್ಟಲೂ ಕೊಡಲಿಲ್ಲ. ಟಿವಿಯೊಳಗೆ ಬೆರಳುದ್ದದ ಆಟಿಕೆ ಕಾರುಗಳು ಊಟದ ಟೇಬಲ್ಲಿನ ಮೇಲೆ ರೇಸು ಓಡುತ್ತವೆ. ಸುಮ್ಮನೆ ಓಡುವುದಿಲ್ಲ, ಒಂದಕ್ಕೊಂದು ಬಾಂಬು ಒಗೆಯುತ್ತವೆ, ಸುತ್ತಿಗೆಯಿಂದ ಬಡಿಯುತ್ತವೆ, ಅಂಚಿನಿಂದ ಕೆಳಗೆ ನೂಕುತ್ತವೆ. ಎಡ ಹೆಬ್ಬೆರಳಿನಿಂದ ಗಾಡಿ ತಿರುಗಿಸಬೇಕು, ಬಲ ಹೆಬ್ಬೆರಳಿನಿಂದ ಹೊಡೆಯಬೇಕು.

ಮಾವ ಬಾಗಿಲಲ್ಲಿ ನಿಂತು ನೋಡಿದರು. ಕೆಂಪು ಕಾರೊಂದು ಟೇಬಲ್ಲಿನಿಂದ ಬಿತ್ತು, ಮರುಗಳಿಗೆಯಲ್ಲಿ ಏನೂ ಆಗಿಲ್ಲವೆಂಬಂತೆ ಮತ್ತೆ ಮೇಲೆ ಬಂದು ಓಡತೊಡಗಿತು. "ಬಿದ್ದದ್ದು ಎದ್ದು ಬರ್ತೈತೇನಲೇ?" ಎಂದು ಕೇಳಿದರು. "ಎಷ್ಟು ಸಲಾ ಬಿದ್ರೂ ಬರ್ತೈತಿ," ಎಂದರು ನನ್ನ ಗಂಡ. ಮಾವ ಕುರ್ಚಿ ಎಳೆದುಕೊಂಡು ಮಗನ ಕೈಯಿಂದ ರಿಮೋಟು ಕಸಿದುಕೊಂಡರು.

"ಮಂದಿ ನೋಡಿದ್ರ ಏನಂದಾರು?" ಎಂದರು ಅತ್ತೆ.

"ಬಾಗಲಾ ಹಾಕು," ಎಂದರು ಮಾವ.

ಯಾರ ಮನಿ ಇದು

ಅತ್ತೆ ಮೊದಮೊದಲು ಆಟ ನೋಡುತ್ತಿರಲಿಲ್ಲ, ಟೇಬಲ್ಲು ನೋಡುತ್ತಿದ್ದರು.

"ಹಾಲು ಚೆಲ್ಲೈತಿ, ಯಾರೂ ಒರಸಿಲ್ಲ. ಚಮಚಾ ಬಿದ್ದಲ್ಲೇ ಬಿದ್ದೈತಿ. ಈ ಮನ್ಯಾಗ ಸೊಸಿ ಇಲ್ಲೇನು?" ಕೇಳಿದ್ದು ಟಿವಿಯನ್ನು, ನೋಡಿದ್ದು ನನ್ನನ್ನು.

"ಅದು ಆಟರೀ ಅತ್ತಿ. ಅಲ್ಲಿ ಮಂದಿ ಇಲ್ಲ, ಬರೇ ಕಾರು ಅದಾವು."

"ಮಂದಿ ಇಲ್ಲದ ಮನ್ಯಾಗ ಹಾಲು ಯಾರು ಚೆಲ್ಲಿದ್ರು?"

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಆಟದೊಳಗಿನ ಇಂಗ್ಲಿಷಿಗೆ ಅಷ್ಟು ಸಾಕು. ಸೋತಾಗ ಪರದೆಯ ಮೇಲೆ ಏನು ಬರುತ್ತದೆ ಎಂದು ತಿಳಿಯಲು ಸಾಲಿಗೇ ಹೋಗಬೇಕಿಲ್ಲ. ಆದರೆ ಹಾಲು ಚೆಲ್ಲಿದ್ದು ಯಾರು ಎಂದು ಆ ಇಂಗ್ಲಿಷಿನಲ್ಲಿ ಎಲ್ಲೂ ಬರೆದಿರಲಿಲ್ಲ. ಮುಂದಿನ ಮನೆ ಹೇಗಿದೆ ನೋಡೋಣ ಎಂದು ಅತ್ತೆಯೇ ರಿಮೋಟು ಹಿಡಿದರು. ಮುಂದಿನದು ತೋಟ, ಅಲ್ಲಿ ನಳ ಸುರಿಯುತ್ತಿತ್ತು. "ನಳಾ ಬಿಟ್ಟು ಎಲ್ಲಿ ಹಾಳಾಗಿ ಹೋಗ್ಯಾರ?" ಎಂದು ಬೈಯುತ್ತಲೇ ಅತ್ತೆ ಆಟ ಕಲಿತರು. ನೆಟ್ಟಗೆ ಹೋಗಿ ಹೊಡೆಯುವ ರಾಕೆಟ್ಟಿಗೆ ಮಗ್ಗದ ಲಾಳಿಯ ಹೆಸರಿಟ್ಟರು. ಹಿಂದೆ ಬರುವವರು ಜಾರಲಿ ಎಂದು ಚೆಲ್ಲುವ ಅಂಟಿಗೆ, ನೂಲಿಗೆ ಹಾಕುವ ಗಂಜಿಯ ಹೆಸರು ಬಂತು. ಈಗ ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತೇವೆ.

ಈ ಆಟದ ಒಂದು ನಿಯಮ ಮಾವನನ್ನು ಬಹಳ ಕಾಡಿತು. ಮುಂದೆ ಇದ್ದವನಿಗೆ ಸಣ್ಣ ಬಾಂಬು ಸಿಗುತ್ತದೆ, ಎಲ್ಲರಿಗಿಂತ ಹಿಂದೆ ಬಿದ್ದವನಿಗೆ ಎಲ್ಲಕ್ಕಿಂತ ದೊಡ್ಡದು.

"ಹಿಂದ ಬಿದ್ದವಗ ದೊಡ್ಡದು ಕೊಡೂದು ಯಾವ ನ್ಯಾಯ? ನಾ ಎಲ್ಲೂ ನೋಡಿಲ್ಲ."

"ನಾ ನೋಡೇನಿ," ಎಂದರು ಅತ್ತೆ. "ನಿಮ್ಮವ್ವ ನಿಮ್ಮ ತಮ್ಮಗ ತುಪ್ಪಾ ಹಾಕೂದು ಹಂಗ ಇತ್ತು."

ನೋಡಾಕ ಬಂದಾಕಿ

ಕೈ ಸೋತವರನ್ನು ನೋಡಲು ಮಂದಿ ಬರುವುದು ನಿಲ್ಲುವುದಿಲ್ಲ. ಕೈ ನೆಟ್ಟಗಾದರೂ ಬರುತ್ತಾರೆ, ಹೆಂಗಸರಿಗೆ ಬಸ್ಸು ಹೇಗೂ ಪುಕ್ಕಟೆ. ಮುಧೋಳದಿಂದ ಮಾವನ ಸಂಬಂಧದ ಒಬ್ಬ ತಂಗಿ ಬಾಳೆಹಣ್ಣು ಹಿಡಿದುಕೊಂಡು ಬಂದರು. ಟಿವಿ ಇರುವುದು ಬಾಗಿಲ ಪಕ್ಕದ ಗೋಡೆಗೆ, ಹಾಗಾಗಿ ಒಳಗೆ ಬಂದವರಿಗೆ ಮೊದಲು ಕಾಣುವುದು ಆಡುವವರ ಮುಖ. ಮಾವನಿಗೆ ಒಂದು ಚಟ. ಗಾಡಿ ಎಡಕ್ಕೆ ತಿರುಗಿದರೆ ತಾವೂ ಎಡಕ್ಕೆ ವಾಲುತ್ತಾರೆ, ಬಾಯಿಯೂ ಅತ್ತಲೇ ಹೋಗುತ್ತದೆ. ಆ ತಂಗಿ ಹೊಸ್ತಿಲು ದಾಟಿದಾಗ ಮಾವ ಒಂದು ಉದ್ದನೆಯ ತಿರುವಿನಲ್ಲಿದ್ದರು. ರಿಮೋಟು ಚಾದರದೊಳಗಿತ್ತು.

ಆಕೆ ನಿಂತಲ್ಲೇ ಸೆರಗು ಬಾಯಿಗೆ ಹಚ್ಚಿದರು. "ಅಣ್ಣಾ, ನಾ ಬಂದೇನಿ ನೋಡು."

ಮಾವ ನೋಡಲಿಲ್ಲ. ಆಕೆ ಅತ್ತೆಯ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಮಾತು ಹೋತೇನವಾ?" ಎಂದರು.

"ಮಾತು ಐತಿ. ಲಕ್ಷ್ಯ ಇಲ್ಲ."

"ಗುರ್ತು ಹಿಡೀತಾರೇನು?"

"ಬಾಳಿಹಣ್ಣು ಅಲ್ಲಿಡವಾ," ಎಂದರು ಮಾವ, ವಾಲಿಕೊಂಡೇ. "ಇನ್ನೊಂದು ಸುತ್ತು ಐತಿ."

ಆಕೆಗೆ ಏನೆಂದು ತಿಳಿಸಿ, ಪಕ್ಕದಲ್ಲಿ ಕೂರಿಸಿ, ಕೈಗೆ ಒಂದು ರಿಮೋಟು ಕೊಟ್ಟೆವು. ಸಂಜೆಯ ಬಸ್ಸಿಗೆ ಹೊರಡುವಷ್ಟರಲ್ಲಿ ಆಕೆಯ ಬಾಯಿಯೂ ಎಡಕ್ಕೆ ಹೋಗಿತ್ತು.

ಕರೆಂಟು ಹೋದಾಗ

ನಮ್ಮ ಕಡೆ ಮೆಲ್ಲಗೆ ಮಾತಾಡುವುದು ಯಾರಿಗೂ ರೂಢಿಯಿಲ್ಲ. ಓಣಿಯ ತುಂಬ ಮಗ್ಗ. ಆ ಸದ್ದಿನ ಮೇಲೆ ಸದ್ದು ಮಾಡಿದರೇನೇ ಚಹಾಕ್ಕೆ ಸಕ್ಕರೆ ಎಷ್ಟು ಎಂದು ತಿಳಿಯುತ್ತದೆ. ಕರೆಂಟು ಹೋದರೆ ಮಾತ್ರ ಎಲ್ಲ ಮಗ್ಗ ಒಂದೇ ಸಲ ನಿಲ್ಲುತ್ತವೆ. ಆಗ ಯಾರ ಬಾಯಲ್ಲಿ ಯಾವ ಮಾತು ಇರುತ್ತದೋ ಅದು ಇಡೀ ಓಣಿಯ ಆಸ್ತಿ.

ಒಂದು ದಿನ ನಾವು ಮೂವರು ಆಡುತ್ತಿದ್ದೆವು. ಮಾವನದು ಕೆಂಪು ಗಾಡಿ, ಅತ್ತೆಯದು ಹಳದಿ, ನನ್ನದು ಹಸಿರು. ಅತ್ತೆ ನನ್ನನ್ನು ಎಷ್ಟು ಬೇಕಾದರೂ ಹೊಡೆಯುತ್ತಾರೆ, ಮಗನನ್ನೂ ಬಿಡುವುದಿಲ್ಲ, ಮೊಮ್ಮಗಳನ್ನೂ ಬಿಡುವುದಿಲ್ಲ. ಮಾವನ ಗಾಡಿ ಎದುರಿಗೆ ಸಿಕ್ಕರೆ ಮಾತ್ರ ಕೈ ತಡೆಯುತ್ತಾರೆ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಗಂಡನ ಗಾಡಿಗೆ ಹೊಡೀಬಾರದು" ಎಂದಿದ್ದರು. ನಾನಾದರೆ ಮೊದಲು ಗಂಡನ ಗಾಡಿಗೆ ಹೊಡೆದು ಆಮೇಲೆ ರೇಸು ಎಲ್ಲಿದೆ ಎಂದು ನೋಡುತ್ತೇನೆ. ಅತ್ತೆಯ ಬಾಂಬೆಲ್ಲ ನಮ್ಮ ಮೇಲೇ ಬೀಳುವುದರಿಂದ ಮಾವ ದಿನಾ ಗೆಲ್ಲುತ್ತಿದ್ದರು, ಗೆದ್ದ ಖುಷಿಗೆ ಮತ್ತೊಂದು ಆಟ ಆಡುತ್ತಿದ್ದರು.

ನಾನು ಮುಂದಿದ್ದೆ. ಅತ್ತೆ ಮಾವನಿಗೆ ಕೂಗಿ ಹೇಳುತ್ತಿದ್ದರು, "ಸೊಸಿನ್ನ ಬಿಡಬ್ಯಾಡ್ರಿ, ಹಿಂದಿನಿಂದ ಬರ್ರಿ..."

ಅಷ್ಟರಲ್ಲಿ ಕರೆಂಟು ಹೋಯಿತು. ಟಿವಿ ಹೋಯಿತು, ಮಗ್ಗ ಹೋದವು. ಅತ್ತೆಯ ಮಾತು ಹೋಗಲಿಲ್ಲ.

"...ಅಂಚಿಗೆ ಒಯ್ದು ಕೆಳಗ ನೂಕ್ರಿ ಅಕಿನ್ನ, ಮತ್ತ ಮ್ಯಾಲ ಬರಬಾರದು."

ನಾನು ಏನಾದರೂ ಅಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನಗುವಿಗೆ ದನಿಯೇ ಹೊರಡಲಿಲ್ಲ. ಎದುರುಮನೆಯವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಅವಳ ಹಿಂದೆ ಇನ್ನಷ್ಟು ಮಂದಿ.

"ಸೊಸಿ ಎಲ್ಲಿ?"

"ಇಲ್ಲೇ ಅದಾಳಲ್ಲ," ಎಂದರು ಅತ್ತೆ. "ಮೊದಲು ಅಕಿನೇ ನನ್ನ ಮುಂದ ಗಂಜಿ ಚೆಲ್ಲಿದಳು."

ಎದುರುಮನೆಯವಳು ನನ್ನ ಕಡೆ ತಿರುಗಿ, ಇದು ಇಷ್ಟು ಸುಲಭದ ನ್ಯಾಯ ಅಲ್ಲ ಎನ್ನುವ ಹಾಗೆ ಕೇಳಿದಳು: "ಬಿಸೀದೋ, ತಣ್ಣಂದೋ?"

ಔಷಧ

ಮತ್ತೆ ಜಮಖಂಡಿಗೆ ತೋರಿಸಲು ಹೋದೆವು. ಡಾಕ್ಟರು ತಮ್ಮ ಬೆರಳು ಮುಂದೆ ಮಾಡಿ, "ಎಡಗೈಲೆ ಹಿಡೀರಿ, ನೋಡೂನು," ಎಂದರು. ಮಾವ ಹಿಡಿದರು. ಹಿಡಿದು ಹೆಬ್ಬೆರಳನ್ನು ಅತ್ತ ಇತ್ತ ತಿರುಗಿಸತೊಡಗಿದರು. ಕಣ್ಣು ನೆಟ್ಟಗೆ ಗೋಡೆಯ ಮೇಲಿತ್ತು.

"ಸಾಕ್ರಿ, ಬಿಡ್ರಿ," ಎಂದು ಡಾಕ್ಟರು ಬೆರಳು ಬಿಡಿಸಿಕೊಂಡರು. "ಚೆಂಡು ಛಲೋ ಹಿಚುಕೀರಿ."

"ಹೌದ್ರಿ. ಒಂದು ದಿನಾನೂ ಬಿಟ್ಟಿಲ್ಲ."

"ಚೆಂಡು ತಗಡಿನ ಮ್ಯಾಲ ಐತ್ರಿ," ಎಂದಳು ನನ್ನ ಮಗಳು. "ಮುತ್ಯಾ ದಿನಾ ಅವ್ವಗ ಬಾಂಬ್ ಒಗೀತಾನ."

ಡಾಕ್ಟರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಾನು ಎರಡೂ ಕೈ ತೋರಿಸಿದೆ. ಆಮೇಲೆ ಎಲ್ಲ ಹೇಳಬೇಕಾಯಿತು. ಅವರು ನಕ್ಕು, ಇದೂ ಬೆರಳಿಗೆ ಕೆಲಸವೇ, ಮುಂಜಾನೆ ಅರ್ಧ ತಾಸು, ಸಂಜೆ ಅರ್ಧ ತಾಸು ಆಡಲಿ ಎಂದರು.

ಮಾವ ಏಳಲಿಲ್ಲ. ಎಡಗೈ ಮತ್ತೆ ಮುಂದೆ ಚಾಚಿ, "ಎಳಿಗೆ ಗಂಟ ಹಾಕಾಕ ಬಂದೀತೇನ್ರಿ?" ಎಂದರು.

"ಹೆಬ್ಬಟ್ಟಿಗೆ ತೋರಬೆಟ್ಟು ಇನ್ನೂ ಗಟ್ಟಿಯಾಗಿ ಕೂಡವಲ್ಲದು. ಬಿಡದ ಮಾಡ್ರಿ, ನೋಡೂನು," ಎಂದರು ಡಾಕ್ಟರು. ಖಂಡಿತ ಬರುತ್ತದೆ ಅನ್ನಲಿಲ್ಲ.

ಬಸ್ಸಿನಲ್ಲಿ ಮಾವ ಎಡ ಹೆಬ್ಬೆರಳು ಆಡಿಸುತ್ತಲೇ ಬಂದರು. ಊರು ಹತ್ತಿರ ಬಂದಾಗ ಅತ್ತೆಗೆ ಹೇಳಿದರು, "ಕೇಳಿದಿಲ್ಲ? ಇನ್ನ ಅದು ಆಟ ಅಲ್ಲ, ಔಷಧ. ನಡುವ ಯಾರೂ ಕರೀಬಾರದು."

ಅತ್ತೆ ನಿಜವಾಗಿಯೂ ಚಿಂತೆಗೆ ಬಿದ್ದರು. "ಊಟಕ್ಕ ಮೊದಲೋ, ಊಟಾದ ಮ್ಯಾಲೋ, ಅದನ್ನ ಕೇಳೇ ಇಲ್ಲಲ್ರಿ."

ಬೀಗರು ಬಂದ ದಿನ

ಬೀಳಗಿಯಿಂದ ನನ್ನ ಅಪ್ಪ ಅವ್ವ ಬಂದಿದ್ದರು. ಅವರನ್ನು ಕರೆತರಲು ನನ್ನ ಗಂಡ ಬೆಳಿಗ್ಗೆಯೇ ಬಸ್‌ಸ್ಟ್ಯಾಂಡಿಗೆ ಹೋಗಿದ್ದರು. ಊಟ ಮುಗಿದ ಮೇಲೆ ಮಾವ ಬೀಗರನ್ನು ಟಿವಿಯ ಮುಂದೆ ಕೂರಿಸಿ, "ನಮ್ಮ ಔಷಧ ನೋಡ್ರಿ," ಎಂದರು.

ನಾನು ಚಹಾ ಕೊಟ್ಟು ನನ್ನ ಹಸಿರು ಗಾಡಿ ಹಿಡಿದೆ. ಮಗಳು ನೀಲಿ ಗಾಡಿ ಹಿಡಿದಳು. ಮಾವನ ಕೆಂಪು ಗಾಡಿ ಎಲ್ಲರಿಗಿಂತ ಮುಂದೆ. ಅವರು ಆಡುತ್ತಲೇ ಅಪ್ಪನಿಗೆ ತಿಳಿಸಿ ಹೇಳುತ್ತಿದ್ದರು: ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ಬಿಡಬಾರದು, ಇಷ್ಟು ದಿನದಲ್ಲಿ ತಮ್ಮನ್ನು ಸೋಲಿಸಿದವರು ಈ ಮನೆಯಲ್ಲಿ ಹೇಗೆ ಯಾರೂ ಇಲ್ಲ. ಅಪ್ಪ ತಲೆ ಆಡಿಸುತ್ತಿದ್ದ. ಅತ್ತೆಯ ಹಳದಿ ಗಾಡಿ ಎಲ್ಲರಿಗಿಂತ ಹಿಂದೆ ಇತ್ತು.

"ಆಯಿ, ನಿನಗ ದೊಡ್ಡ ಬಾಂಬ್ ಬಂತು," ಎಂದಳು ಮಗಳು ಅಜ್ಜಿಗೆ.

"ಕಂಡೇನಿ."

ಇನ್ನೊಂದು ತಿರುವು ದಾಟಿದರೆ ಮಾವ ಗೆದ್ದಂತೆ. ಅತ್ತೆ ಗುಂಡಿ ಒತ್ತಿದರು. ಬಾಂಬು ನನ್ನ ತಲೆಯ ಮೇಲೆ ಹಾರಿತು, ಮಗಳ ತಲೆಯ ಮೇಲೆ ಹಾರಿತು, ಹೋಗಿ ಕೆಂಪು ಗಾಡಿಗೆ ಬಡಿಯಿತು. ಕೆಂಪು ಗಾಡಿ ಎರಡು ಪಲ್ಟಿ ಹೊಡೆದು, ಹಾಲಿನ ಬಟ್ಟಲು ದಾಟಿ, ಟೇಬಲ್ಲಿನಿಂದ ಕೆಳಗೆ ಹೋಯಿತು. ಅದು ಎದ್ದು ಬರುವಷ್ಟರಲ್ಲಿ ಹಳದಿ ಗಾಡಿ ಗೆರೆ ದಾಟಿತ್ತು.

ಶೆಡ್ಡಿನಲ್ಲಿ ಮಗ್ಗ ಓಡುತ್ತಲೇ ಇತ್ತು.

"ನನಗ ಹೊಡದಿ," ಎಂದರು ಮಾವ.

"ಹೊಡದೆ."

"ಗಂಡನ ಗಾಡಿಗೆ ಹೊಡೀಬಾರದು ಅಂತಿದ್ದಿ."

"ಗಂಡ ಅಂತ ಬಿಟ್ಟಿರಲಿಲ್ಲರೀ," ಎಂದರು ಅತ್ತೆ. "ಕೈ ಸೋತೈತಿ, ಆಟದಾಗೂ ಸೋತ್ರ ರಿಮೋಟ್ ಒಗದು ಎದ್ದು ಹೋಗ್ತೀರಿ, ಆಮ್ಯಾಲ ಬೆರಳು ಯಾರು ಆಡಸ್ತಾರ ಅಂತ ಬಿಟ್ಟಿದ್ದೆ. ಇವತ್ತ ಮುಂಜಾನೆ ಮಗ ಬಸ್‌ಸ್ಟ್ಯಾಂಡಿಗೆ ಹೋದಾಗ ಎಳಿ ಹರೀತು. ನೀವು ಯಾರನ್ನೂ ಕರೀಲಿಲ್ಲ. ನಿಂತು, ಗಂಟ ಹಾಕಿ, ಮಗ್ಗ ಚಾಲೂ ಮಾಡಿದ್ರಿ. ಅಡಗಿಮನಿ ಕಿಟಕ್ಯಾಗಿಂದ ನೋಡೇನಿ. ಇನ್ನ ನಿಮಗ ಹೊಡದ್ರ ಏನೂ ಆಗೂದಿಲ್ಲ."

ಮಾವ ತಮ್ಮ ಎಡಗೈ ತಿರುಗಿಸಿ ನೋಡಿಕೊಂಡರು. ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಹಿಡಿದು, ಬಿಟ್ಟು, ಮತ್ತೆ ಹಿಡಿದರು. ನಾನು ಚಹಾದ ಬಟ್ಟಲು ಎತ್ತುವ ನೆಪ ಮಾಡಿದೆ. ಮಾವನಿಗೆ ಅಷ್ಟರಲ್ಲಿ ಬೇರೆಯೇ ಲೆಕ್ಕ ಹೊಳೆದಿತ್ತು.

"ಹಂಗಾದ್ರ, ಇಷ್ಟು ದಿನಾ ನಾ ಗೆದ್ದದ್ದೆಲ್ಲಾ?"

ಅತ್ತೆ ಮುಂದಿನ ರೇಸಿಗೆ ಗಾಡಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. "ಯಾವ ಇಷ್ಟು ದಿನದ್ದು ಕೇಳಾಕತ್ತೀರಿ? ಈ ಆಟ ಬಂದಾಗಿಂದ ಗೆದ್ದದ್ದೋ, ಲಗ್ನ ಆದಾಗಿಂದ ಗೆದ್ದದ್ದೋ?"

ನನ್ನಪ್ಪ ಚಹಾದ ಬಟ್ಟಲು ಕೆಳಗಿಟ್ಟು ನಿಧಾನಕ್ಕೆ ನನ್ನವ್ವನ ಕಡೆ ತಿರುಗಿದ. ಅವ್ವ ಅಷ್ಟರೊಳಗೆ ನಮ್ಮ ಮನೆಯ ಫ್ಯಾನನ್ನು ಬಹಳ ಆಸ್ಥೆಯಿಂದ ನೋಡತೊಡಗಿದ್ದಳು.