ಮಾವನವರ ಜೀಪಿನ ಹೀಟರು

ಎಲ್ಲರ ಗಾಡಿಯೂ ಒಂದಲ್ಲ ಒಂದು ದಿನ ಕೈಕೊಡುತ್ತದೆ. ನನ್ನದು ಹಾಗಲ್ಲ, ಕಣ್ಣು ಕಟ್ಟುತ್ತದೆ. ಮಳೆ ಬಂದರೆ ಸಾಕು, ಚಳಿ ಬಿದ್ದರೆ ಸಾಕು, ಮುಂದಿನ ಗಾಜಿಗೆ ಒಳಗಿನಿಂದ ಉಗಿ ಹಿಡಿದು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ಏನಾದರೊಂದು ಆಗಿಯೇ ತೀರುತ್ತದೆ.

ನಾನು ದನದ ಡಾಕ್ಟರು, ಊರವರ ಬಾಯಲ್ಲಿ ‘ಡಾಕ್ಟರ್ ಬಾಯಾರು’. ಮನೆ ಗೋಕಾಕದಲ್ಲಿ, ದವಾಖಾನೆ ಕುಲಗೋಡದ ಕಡೆಗೆ. ಕಬ್ಬಿನ ಹೊಲಗಳ ನಡುವಿನ ಕಪ್ಪು ಎರೆಮಣ್ಣಿನ ದಾರಿಯಲ್ಲಿ ಮಳೆಗಾಲಕ್ಕೆ ಕಾರು ಹೋಗುವುದಿಲ್ಲ, ಸ್ಕೂಟರಂತೂ ಹೂತೇ ಹೋಗುತ್ತದೆ. ಹಾಗಾಗಿ ಮಾವನವರ ಹಳೆಯ ಫೋರ್‌ವೀಲ್ ಜೀಪು ನನ್ನ ಪಾಲಿಗೆ ಬಂತು. ಮಿಲಿಟರಿಯವರು ಹರಾಜು ಹಾಕಿದಾಗ ಅವರು ಕೊಂಡದ್ದು. ಮೊದಲು ಎಲ್ಲೋ ಹಿಮ ಬೀಳುವ ಕಡೆ ಇತ್ತಂತೆ. ಅದಕ್ಕೇ ನಮ್ಮ ಭಾಗದ ಜೀಪುಗಳಿಗೆ ಇಲ್ಲದ ಹೀಟರು ಇದಕ್ಕಿದೆ. ಎಂಜಿನ್ನಿನ ಬಿಸಿನೀರು ಒಂದು ಪೆಟ್ಟಿಗೆಯೊಳಗೆ ಹರಿದು, ಅದರ ಮೇಲೆ ಫ್ಯಾನು ಬೀಸಿ, ಬೆಚ್ಚನೆಯ ಗಾಳಿ ಕಾಲಿಗೂ ಗಾಜಿಗೂ ಬರಬೇಕು. ಬರುತ್ತಿದ್ದದ್ದು ಫ್ಯಾನಿನ ಸದ್ದು ಮಾತ್ರ.

ನಾನು ಮೊದಲೇ ಅಂಜುಬುರುಕಿ. ಎಮ್ಮೆ ಒದ್ದರೆ ಹೆದರುವುದಿಲ್ಲ, ಹೋರಿ ಗುಮ್ಮಲು ಬಂದರೂ ತಡೆದುಕೊಳ್ಳುತ್ತೇನೆ. ಎದುರಿನ ದಾರಿ ಕಾಣದಿದ್ದರೆ ಮಾತ್ರ ಹೊಟ್ಟೆಯೊಳಗೆ ಕಲ್ಲು ಕೂತಂತಾಗುತ್ತದೆ. ಆ ಕಲ್ಲು ಇಟ್ಟುಕೊಂಡೇ ಇಷ್ಟು ವರ್ಷ ಓಡಾಡಿದ್ದೇನೆ.

ಕಾಕಾನ ಚಸ್ಮಾ

ಆಷಾಢದ ಒಂದು ಮುಂಜಾನೆ ಹೊಲದಲ್ಲೇ ಮನೆ ಮಾಡಿಕೊಂಡಿದ್ದ ಕಾಕಾ ಒಬ್ಬರು ದವಾಖಾನೆಗೆ ಏದುಸಿರು ಬಿಡುತ್ತ ಬಂದರು. ಎಮ್ಮೆ ಈಯಲಾಗದೆ ಒದ್ದಾಡುತ್ತಿದೆ, ಕರುವಿನ ಒಂದು ಕಾಲಷ್ಟೇ ಹೊರಗೆ ಬಂದಿದೆ ಎಂದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಅವರ ಮೈಮೇಲಿನ ಕಂಬಳಿ ತೊಯ್ದು ತೊಪ್ಪೆಯಾಗಿತ್ತು. ಸ್ವಲ್ಪ ದೂರ ಹೋಗುವುದರೊಳಗೆ ಅದರಿಂದ ಆವಿಯೆದ್ದು ಗಾಜು ಪೂರ್ತಿ ಮುಚ್ಚಿತು.

"ಕಾಕಾ, ಗಾಜ ಸ್ವಲ್ಪ ವರಸ್ರಿ" ಅಂದೆ.

ರುಮಾಲಿನಿಂದ ಒರೆಸಿದರು, ತಮ್ಮ ಕಡೆಯದನ್ನು ಮಾತ್ರ. ನನ್ನ ಕಡೆಯದನ್ನು ನಾನು ಒಂದು ಕೈಯಲ್ಲಿ ಒರೆಸಿದೆ. ಗೇರು ಬದಲಿಸಿ ತಲೆ ಎತ್ತುವಷ್ಟರಲ್ಲಿ ಮತ್ತೆ ಬೆಳ್ಳಗೆ. ಎಡಕ್ಕೆ ತುಂಬಿ ಹರಿಯುವ ಕಾಲುವೆ, ಬಲಕ್ಕೆ ಕಬ್ಬು.

"ನನಗ ಏನೂ ಕಾಣವಲ್ದು ಕಾಕಾ. ನಿಲ್ಲಸ್ತೀನಿ."

"ನಿಲ್ಲಸಬ್ಯಾಡ್ರಿ ಬಾಯಾರ, ಎಮ್ಮಿ ಉಳಿಯೂದಿಲ್ಲ. ನಾ ಹೇಳ್ತೀನಿ, ನೀವು ಹೊಡೀರಿ."

ಹಾಗೇ ಹೊಡೆದೆ. "ಸ್ವಲ್ಪ ಬಲಕ್ಕ. ಹಾಂ. ಈಗ ಸೀದಾ. ಮುಂದ ತಗ್ಗ ಐತಿ, ಸಾವಕಾಶ." ಅವರು ಹೇಳಿದಲ್ಲೇ ತಗ್ಗು ಬರುತ್ತಿತ್ತು, ಹೇಳಿದಲ್ಲೇ ದಾರಿ ತಿರುಗುತ್ತಿತ್ತು. ದೇವರೇ ಪಕ್ಕದಲ್ಲಿ ಕೂತಿದ್ದಾನೆ ಅನ್ನಿಸಿತು. ಅವರ ಹೊಲ ಮುಟ್ಟಿದ ಕೂಡಲೇ ಎಮ್ಮೆಗೆ ಕೈಹಾಕಿ, ಒಳಗೆ ಮಡಚಿದ್ದ ಕರುವಿನ ಇನ್ನೊಂದು ಕಾಲನ್ನು ಸರಿಮಾಡಿ ಎಳೆದೆವು. ಕರು ಜೀವಂತ ಬಂತು. ಎಮ್ಮೆ ತಿರುಗಿ ನೆಕ್ಕತೊಡಗಿತು.

ಕೈ ತೊಳೆದುಕೊಂಡು ಔಷಧದ ಬಾಟಲಿ ಕೊಟ್ಟು, "ಇದರ ಮ್ಯಾಲೆ ಬರದದ್ದು ನೋಡಿ ಕುಡಸ್ರಿ" ಅಂದೆ. ಕಾಕಾ ಅದನ್ನು ದೂರ ಹಿಡಿದರು, ಮೂಗಿನ ಹತ್ತಿರ ಹಿಡಿದರು, ಕೊನೆಗೆ ಹೆಂಡತಿಯ ಕೈಗೆ ಕೊಟ್ಟರು.

"ಚಸ್ಮಾ ಒಡದು ಭಾಳ ದಿನ ಆತ್ರಿ. ಅದಿಲ್ದ ನನಗ ದೂರಿಂದೂ ಕಾಣೂದಿಲ್ಲ, ಹತ್ರದ್ದೂ ಕಾಣೂದಿಲ್ಲ."

ನಾನು ಬಂದ ದಾರಿಯ ಕಡೆ ತಿರುಗಿ ನೋಡಿದೆ. "ಮತ್ತ ದಾರಿ ಹೆಂಗ ತೋರ್ಸಿದ್ರಿ?"

"ಗಾಜಿನಾಗ ನೋಡಿ ಯಾರ ಹೇಳಿದ್ರು? ಜೀಪ್ ಕುಣದಂಗ ಹೇಳ್ಕೋತ ಬಂದೆ. ಒಂದ ತಗ್ಗ ದಾಟಿದ್ರ ಮುಂದಿಂದು ಯಾವ್ದು ಅಂತ ಗೊತ್ತೈತಲ್ರಿ."

ಬಟಾಟಿ ಮದ್ದು

ಆ ದಿನದಿಂದ ಕಂಡಕಂಡವರನ್ನೆಲ್ಲ ಉಪಾಯ ಕೇಳತೊಡಗಿದೆ. ಪೆಟ್ರೋಲ್ ಪಂಪಿನವನು ಗಾಜಿಗೆ ತಂಬಾಕು ತಿಕ್ಕಿರಿ ಅಂದ. ತಿಕ್ಕಿದೆ. ಹೊರಗೆ ತಿಕ್ಕಬೇಕಾದದ್ದನ್ನು ಒಳಗೆ ತಿಕ್ಕಿ ಮನೆ ಮುಟ್ಟುವ ತನಕ ಸೀನಿದೆ. ಸೀನಿದಷ್ಟೂ ಉಗಿ ಹೆಚ್ಚಾಯಿತು. ಕಂಪೌಂಡರು ಶಾಂಪೂ ಅಂದರು. ಅದು ಮೊದಲು ಚೆನ್ನಾಗಿತ್ತು, ಆಮೇಲೆ ನೊರೆಯಾಗಿ ನನ್ನ ಮಡಿಲಿಗೆ ಇಳಿಯಿತು. ಅತ್ತೆಯವರು ಬಟಾಟೆ ಹೆಚ್ಚಿ ತಿಕ್ಕು ಅಂದರು. ನಿಜ ಹೇಳಬೇಕೆಂದರೆ ಅದೇ ಸ್ವಲ್ಪ ಕೆಲಸ ಮಾಡಿತು.

ಬಟಾಟೆ ತಿಕ್ಕಿದ ಮಾರನೆಯ ದಿನ ಅಂಕಲಗಿ ದಾರಿಯಲ್ಲಿ ಒಬ್ಬ ಹೆಣ್ಣುಮಗಳು ಆಡನ್ನು ಎದೆಗವಚಿಕೊಂಡು ಮಳೆಯಲ್ಲಿ ನಿಂತಿದ್ದಳು. ಬಸ್ಸಿನವರು ಹತ್ತಿಸಿಕೊಂಡಿರಲಿಲ್ಲ. "ನಿನ್ನಿಯಿಂದ ಒಂದ ಎಲಿ ಮೂಸಿಲ್ರಿ. ಮನ್ಯಾಗ ಇದೊಂದ ಆಡು. ಸತ್ರ ಏನ್ ಮಾಡ್ಲಿ" ಎಂದು ಕಣ್ಣೀರು ತಂದಳು. ಮುಂದಿನ ಸೀಟಿಗೆ ಕರೆದುಕೊಂಡೆ. ಆಡಿನ ಹೊಟ್ಟೆ ಮುಟ್ಟಿ ನೋಡಿದರೆ ನನಗೂ ಚಿಂತೆಯಾಯಿತು.

ಸ್ವಲ್ಪ ದೂರ ಹೋಗುವುದರಲ್ಲಿ ಆಡು ಕತ್ತು ಚಾಚಿತು. ಗಾಜನ್ನು ಮೂಸಿತು. ನಾಲಿಗೆ ತೆಗೆದು ನೆಕ್ಕತೊಡಗಿತು. ಮೊದಲು ಅವಳ ಕಡೆಯದು, ಆಮೇಲೆ ಅವಳ ಮಡಿಲಿನಿಂದ ಸ್ಟೇರಿಂಗಿನ ಮೇಲೆ ಕಾಲಿಟ್ಟು ನನ್ನ ಕಡೆಯದು. ಜೊಲ್ಲಿನ ಹಿಂದೆ ಎದುರಿನ ಲಾರಿ ಎರಡಾಗಿ ಕಾಣಿಸಿತು. ಯಾವುದನ್ನು ತಪ್ಪಿಸಬೇಕೋ ತಿಳಿಯದೆ ದಾರಿ ಬಿಟ್ಟು ಕೆಳಗಿಳಿಸಿ ನಿಲ್ಲಿಸಿದೆ.

"ಹಿಡ್ಕೊಳ್ಳವಾ ಅದನ್ನ" ಅಂದೆ.

ಅವಳ ಮುಖ ಅರಳಿತ್ತು. "ನೆಕ್ಲಿ ಬಿಡ್ರಿ ಬಾಯಾರ, ಬಾಯಿ ಬಿಟ್ಟೈತಿ. ಸೂಜಿ ಬ್ಯಾಡ ಇನ್ನ. ಈ ಗಾಜ ದಿನಕ್ಕ ಎಷ್ಟ ಸಲ ನೆಕ್ಕಸಬೇಕು, ಅಷ್ಟ ಹೇಳ್ರಿ."

ಯಾವ ತಳಿ

ಚಳಿಗಾಲ ಬಂತು. ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಮೂಡಲಗಿ ಕಡೆ ಹೋಗಬೇಕಾಗಿತ್ತು. ಹೊರಗೆ ಮಂಜು, ಒಳಗೆ ಗಾಜಿನ ಮೇಲೆ ನನ್ನದೇ ಉಸಿರು. ಲಸಿಕೆಯನ್ನು ಬರ್ಫದ ಪೆಟ್ಟಿಗೆಯಲ್ಲಿಟ್ಟು ಪಕ್ಕದ ಸೀಟಿಗೆ ಕಟ್ಟಿದ್ದೆ. ಹೊತ್ತು ಮೀರಿದರೆ ಅದು ಕೆಡುತ್ತದೆ, ಜನ ದನ ಕಟ್ಟಿಕೊಂಡು ಕಾಯುತ್ತಿರುತ್ತಾರೆ. ಆ ಚಿಂತೆ ಬೇರೆ.

ಅಷ್ಟರಲ್ಲಿ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು ಸಿಕ್ಕಿತು. ಎರಡು ಟ್ರೇಲರು, ಹಿಂದೆ ಒಂದು ಕೆಂಪು ಬಟ್ಟೆ, ಮುಂದಿನಿಂದ ಜೋರಾಗಿ ಹಾಡು. ಕಾಣುತ್ತಿದ್ದದ್ದು ಆ ಕೆಂಪು ಚುಕ್ಕೆಯೊಂದೇ. ದೊಡ್ಡ ಗಾಡಿ, ದಾರಿ ಬಲ್ಲವನೇ ಹೊಡೆಯುತ್ತಿರುತ್ತಾನೆ ಎಂದು ಅದರ ಬೆನ್ನು ಹಿಡಿದೆ. ಅದು ತಿರುಗಿದಲ್ಲಿ ತಿರುಗಿದೆ, ನಿಂತಲ್ಲಿ ನಿಂತೆ. ನಿಂತದ್ದು ಮತ್ತೆ ಹೊರಡಲೇ ಇಲ್ಲ. ಹಿಂದೆ ಇನ್ನೊಂದು ಟ್ರ್ಯಾಕ್ಟರು ಬಂದು ಹಾರ್ನು ಹಾಕಿತು. ಅದರ ಹಿಂದೆ ಮತ್ತೊಂದು. ಬೆಲ್ಲದಂಥ ವಾಸನೆ ಬರುತ್ತಿತ್ತು.

ಜೀಪಿಗೆ ಬಾಗಿಲ ಬದಲು ಇಳಿಬಿಟ್ಟಿದ್ದ ಕ್ಯಾನ್ವಾಸಿನ ಪಡದೆಯನ್ನು ಯಾರೋ ಬಡಿದರು. ಸ್ವಲ್ಪ ಸರಿಸಿದೆ. ತಲೆತುಂಬ ಮಫ್ಲರು ಸುತ್ತಿಕೊಂಡ ವಾಚಮನ್ನು, ಕಣ್ಣು ಅರ್ಧ ಮುಚ್ಚಿದ್ದವು. ಸಕ್ಕರೆ ಕಾರ್ಖಾನೆಯ ಒಳಗೆ, ತೂಕದ ಕಟ್ಟೆಯ ಸಾಲಿನ ನಡುವೆ ನಾನು ಸಿಕ್ಕಿಬಿದ್ದಿದ್ದೆ.

"ಏನ್ ತಂದೀರಿ?" ಅಂದ.

"ಲಸಿಕಿ" ಅಂದೆ. ಗಾಬರಿಯಲ್ಲಿ ನನಗೆ ಬೇರೇನೂ ಹೊಳೆಯಲಿಲ್ಲ.

ಅವನು ಕಿವಿಯ ಮೇಲಿನ ಮಫ್ಲರು ಸರಿಸಿದ.

"ಲಸಿಕಿ ಅಂದ್ರ ಹೊಸಾ ತಳಿ ಏನ್ರಿ? ಎಕರೆಗೆ ಎಷ್ಟ ಟನ್ ಬರ್ತೈತಿ?"

ಹಸಿರು ದಡಿ ಧೋತ್ರ

ಇನ್ನು ಸಾಕು ಎಂದು ಜೀಪನ್ನು ಗೋಕಾಕದ ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ಚಾಚಾ ವಯಸ್ಸಾದವರು, ಮಾವನವರ ಕಾಲದಿಂದ ಈ ಜೀಪು ಬಲ್ಲವರು.

"ಈ ಊರಾಗ ಮಂದಿ ಥಂಡಿ ಗಾಳಿ ಬೇಕಂತ ಬರ್ತಾರ ಬಾಯಾರ. ಬಿಸಿ ಗಾಳಿ ಬೇಕಂತ ಬಂದವ್ರು ನೀವ ಒಬ್ರು" ಎಂದು ನಕ್ಕು ಡ್ಯಾಶ್‌ಬೋರ್ಡಿನ ಕೆಳಗೆ ತೂರಿದರು. ಗಾಜಿಗೆ ಗಾಳಿ ಹೋಗುವ ಕೊಳವೆಯ ಬಾಯಿಗೆ ಬೆರಳು ಹಾಕಿದರು. ಏನೋ ಸಿಕ್ಕಿತು. ಎಳೆದರು. ಬಟ್ಟೆ. ಎಳೆದಷ್ಟೂ ಬಂತು. ಕೊನೆಗೆ ಮಣ್ಣು ಬಣ್ಣದ ಒಂದು ಪೂರ್ತಿ ಧೋತ್ರ ಹೊರಬಿತ್ತು.

ಮನೆಗೆ ತಂದು ಅಂಗಳದಲ್ಲಿ ಝಾಡಿಸಿದೆ. ಅತ್ತೆಯವರು ಹತ್ತಿರ ಬಂದು ಅದರ ಹಸಿರು ಅಂಚು ಹಿಡಿದು ನೋಡಿದರು. ಅವರ ಮುಖದ ಬಣ್ಣ ಹೋಯಿತು. ಒಣಹಾಕಿದ ಹಗ್ಗದ ಮೇಲಿಂದ ಹಿಂದೊಮ್ಮೆ ಮಾವನವರ ಒಂದು ಹಸಿರು ದಡಿ ಧೋತ್ರ ಕಾಣೆಯಾಗಿತ್ತು. ಪಕ್ಕದ ಮನೆಯವರದೇ ಕೆಲಸ ಎಂದು ಅತ್ತೆ ತೀರ್ಮಾನಿಸಿ, ಅವತ್ತಿನಿಂದ ಆ ಮನೆಯಾಕೆಯ ಜೊತೆ ಮಾತು ಬಿಟ್ಟಿದ್ದರು.

ಮಾವನವರು ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಬ್ಯಾಸಗ್ಯಾಗ ಅದರಾಗಿಂದ ಧೂಳಾ ಬರ್ತಿತ್ತು. ನಾನ ತುರಕಿದ್ದೆ."

"ನನಗ ಒಂದ ಮಾತ ಹೇಳಬೇಕಿಲ್ಲೇನ್ರಿ?"

"ನೀ ನನ್ನ ಎಲ್ಲಿ ಕೇಳಿದಿ? ಬಾಜೂ ಮನಿಯವ್ರನ್ನ ಕೇಳಿದಿ."

ಅತ್ತೆ ಬಾಜೂ ಮನೆಯ ಗೋಡೆಯತ್ತ ನೋಡಿದರು. ಧೋತ್ರವನ್ನು ನಾಲ್ಕು ಮಡಿಕೆ ಮಾಡಿದರು. ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದರು.

"ಯಾರೂ ನೋಡೂದ್ರಾಗ ಇದನ್ನ ಎಲ್ಲಿತ್ತೋ ಅಲ್ಲೇ ತುರಕಿ ಬಾರವ್ವ."

ಕನ್ಯಾ ನೋಡಲು ಹುಕ್ಕೇರಿಗೆ

ನಾನು ತುರುಕಲಿಲ್ಲ. ಹಾಗಾಗಿ ಗಾಳಿ ಬರತೊಡಗಿತು, ಆದರೆ ತಣ್ಣಗೆ. ಅದೇ ಹೊತ್ತಿಗೆ ನನ್ನ ಮೈದುನನಿಗೆ ಹುಕ್ಕೇರಿಯಲ್ಲೊಂದು ಹೆಣ್ಣು ನೋಡಲು ಹೋಗುವುದಿತ್ತು. ಹುಡುಗ ಒಳ್ಳೆಯವನು, ಕೆಲಸವೂ ಇದೆ. ಆದರೆ ಹೊಸಬರ ಮುಂದೆ ಬಾಯಿ ಬಿಡುವುದಿಲ್ಲ. ಹಿಂದೆ ನೋಡಿದ ಎರಡೂ ಕಡೆ "ಹುಡುಗ ಮೂಗನೇನು" ಎಂದು ಕೇಳಿ ಕಳಿಸಿದ್ದರು. ಈ ಸಲವಾದರೂ ಆಗಲಿ ಎಂದು ಅತ್ತೆ ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು, ಜೀಪು ನಾನೇ ಹೊಡೆಯಬೇಕು. ಮಂಜಿನಲ್ಲಿ ಇಡೀ ಮನೆಯವರನ್ನು ಕೂರಿಸಿಕೊಂಡು ಹೋಗುವುದನ್ನು ನೆನೆದು ನನಗೂ ನಿದ್ದೆ ಬಂದಿರಲಿಲ್ಲ.

ಹಿಂದಿನ ಸಂಜೆ ಮಿಸ್ತ್ರಿ ಚಾಚಾನ ಹತ್ತಿರ ಹೋಗಿ ಹೇಗಾದರೂ ಬಿಸಿ ಮಾಡಿಕೊಡಿ ಅಂದೆ. ಅವರು ಹೀಟರಿನೊಳಗೆ ಜೋರು ನೀರು ಬಿಟ್ಟು ತುಕ್ಕಿನ ರಾಡಿ ತೆಗೆದರು. ಹೀಟರಿಗೆ ಬಿಸಿನೀರು ಬಿಡುವ ತುಕ್ಕು ಹಿಡಿದ ನಲ್ಲಿಯನ್ನು ಇಕ್ಕಳದಿಂದ ತಿರುಗಿಸಿ ಪೂರ್ತಿ ತೆರೆದರು. ಹಾಕಿ ನೋಡುವಾಗ ಫ್ಯಾನಿನ ಹಳೆಯ ಸ್ವಿಚ್ಚು ಸುಟ್ಟುಹೋಯಿತು, ವಾಯರನ್ನು ಸೀದಾ ಜೋಡಿಸಿದರು. ಎಂಜಿನ್ನು ಬೇಗ ಬಿಸಿಯಾಗಬೇಕಾದರೆ ನೀರು ತಡೆಯುವ ಥರ್ಮೋಸ್ಟ್ಯಾಟು ಬೇಕು, ಅದು ಇದರಲ್ಲಿಲ್ಲ, ಬೆಳಗಾವಿಯಿಂದ ತರಿಸಬೇಕು ಅಂದರು. "ಅಲ್ಲೀತನಕಾ ರೇಡಿಯೇಟರ್ ಮುಂದ ಒಂದ ರಟ್ಟ ಕಟ್ಟತೀನಿ. ಥಂಡಿ ಗಾಳಿ ಬಡಿಯೂದಿಲ್ಲ." ಜೀಪಿನ ಹಿಂದೆ ಬಿದ್ದಿದ್ದ ಔಷಧದ ದೊಡ್ಡ ಖಾಲಿ ರಟ್ಟಿನ ಡಬ್ಬಿ ಕೊಟ್ಟೆ. ಹರಿದು, ತಂತಿಯಿಂದ ಮುಂದುಗಡೆ ಬಿಗಿದರು. ಕತ್ತಲಾಗುತ್ತಿತ್ತು, ನಾನು ನೋಡದೆ ಹೊರಟುಬಂದೆ.

ಮುಂಜಾನೆ ಹೊರಟಾಗ ನನಗೆ ನಂಬಿಕೆಯೇ ಬರಲಿಲ್ಲ. ಗಾಜು ಪೂರ್ತಿ ಸ್ವಚ್ಛ. ಘಟಪ್ರಭಾ ದಾಟುವವರೆಗೂ ಹೊಟ್ಟೆಯಲ್ಲಿ ಕಲ್ಲಿರಲಿಲ್ಲ. ಆಮೇಲೆ ಮಾವನವರು ಶಾಲು ತೆಗೆದರು. ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಂಡರು. ಮೈದುನನ ಹಣೆಯ ಪೌಡರು ಗೆರೆಗೆರೆಯಾಗಿ ಇಳಿಯಿತು. ನಲ್ಲಿ ಮುಚ್ಚಲು ಹೋದೆ, ತಿರುಗಲಿಲ್ಲ. ಫ್ಯಾನು ನಿಲ್ಲಿಸಲು ಸ್ವಿಚ್ಚೇ ಇಲ್ಲ.

"ಪಡದೆ ತಗೀರಿ" ಅಂದೆ.

"ಬ್ಯಾಡ" ಅಂದರು ಅತ್ತೆ. "ಧೂಳಾ ಒಳಗ ಬರ್ತೈತಿ. ಅವನ ಅಂಗಿ ಬಿಳೀದೈತಿ."

ಹುಕ್ಕೇರಿಯಲ್ಲಿ ಹೆಣ್ಣಿನ ಮನೆಯವರು ಸ್ವೆಟರು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾವು ನಾಲ್ಕೂ ಜನ ನೀರಿನಿಂದ ಎದ್ದುಬಂದವರ ಹಾಗೆ ಇಳಿದೆವು. ಮೈದುನನ ಅಂಗಿ ಬೆನ್ನಿಗೆ ಅಂಟಿತ್ತು. ಹುಡುಗಿಯ ತಂದೆ ಗಾಬರಿಯಿಂದ, "ಹಾದ್ಯಾಗ ಗಾಡಿ ದಬ್ಬಿದ್ರೇನ್ರಿ?" ಅಂದರು.

"ಇಲ್ರಿ, ಹೀಟರ್ ಐತ್ರಿ ಗಾಡ್ಯಾಗ" ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೀಪಿನಲ್ಲಿ ಹೀಟರು ಇರುವುದನ್ನು ಯಾರೂ ಕೇಳಿರಲಿಲ್ಲ. ಹುಡುಗನಿಗೇನೋ ಕಾಯಿಲೆ, ಮುಚ್ಚಿಡುತ್ತಿದ್ದಾರೆ ಎಂದು ಆ ಮುಖಗಳ ಮೇಲೆ ಬರೆದಿತ್ತು. ಹುಡುಗಿಯ ಸೋದರಮಾವ ಖಾತ್ರಿ ಮಾಡಿಕೊಳ್ಳಲು ಎದ್ದು ಹೊರಗೆ ಹೋದರು.

ಹುಡುಗಿ ಬಂದು ನೀರು ಕೊಟ್ಟು ಒಳಬಾಗಿಲ ಹತ್ತಿರ ನಿಂತಳು. ಮೈದುನ ತಂಬಿಗೆಗಟ್ಟಲೆ ಕುಡಿದ, ಒಂದು ಮಾತೂ ಆಡಲಿಲ್ಲ. ಸೋದರಮಾವ ತಿರುಗಿ ಬಂದು ಹುಡುಗಿಯ ತಂದೆಯ ಕಿವಿಯಲ್ಲಿ ಏನೋ ಹೇಳಿದರು. ತಂದೆ ಗಂಟಲು ಸರಿಮಾಡಿಕೊಂಡರು.

"ತಪ್ಪ ತಿಳ್ಕೋಬ್ಯಾಡ್ರಿ ಬಾಯಾರ. ಗಾಡಿ ಮುಂದ ಒಂದ ಬೋರ್ಡ್ ಕಟ್ಟೀರಿ. 'ಜಾನುವಾರುಗಳ ಬಳಕೆಗೆ ಮಾತ್ರ' ಅಂತ ದೊಡ್ಡ ಅಕ್ಷರದಾಗ ಬರದೈತಿ."

ಔಷಧದ ಡಬ್ಬಿಯ ಯಾವ ಮಗ್ಗುಲು ಹೊರಗೆ ಬಂದಿದೆ ಎಂದು ನನಗೆ ಆಗ ತಿಳಿಯಿತು. ಗೋಕಾಕದಿಂದ ಹುಕ್ಕೇರಿಯವರೆಗೆ ಗಂಡನ ಮನೆಯವರನ್ನೆಲ್ಲ ಆ ಬೋರ್ಡಿನ ಹಿಂದೆ ಕೂರಿಸಿಕೊಂಡು ಬಂದಿದ್ದೆ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿಕೊಂಡರು.

ಮೈದುನ ತಂಬಿಗೆ ಕೆಳಗಿಟ್ಟ.

"ಅದಕ್ಕ ನಾ ಇಷ್ಟೊತ್ತನಕಾ ಬಾಯಿ ಬಿಟ್ಟಿಲ್ರಿ" ಅಂದ.

ಮೊದಲು ನಕ್ಕದ್ದು ಒಳಬಾಗಿಲ ಹತ್ತಿರ ನಿಂತ ಹುಡುಗಿ. ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಾಗಲಿಲ್ಲ. ಆಮೇಲೆ ಅವಳ ತಂದೆ ನಕ್ಕರು, ಸೋದರಮಾವ ಗೋಡೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಹಿರಿಯರು ಅವಳನ್ನು ಕರೆದು, "ಹುಡುಗ ಒಪ್ಪಿಗಿ ಏನವ್ವ?" ಎಂದು ಕೇಳಿದರು.

ಅವಳು ಕಿಟಕಿಯಿಂದ ಜೀಪಿನ ಕಡೆ ಒಮ್ಮೆ ನೋಡಿದಳು.

"ಒಪ್ಪಿಗಿ ಐತ್ರಿ" ಅಂದಳು. "ಆದ್ರ ಮದುವಿ ಆದಮ್ಯಾಲ ಗೋಕಾಕಕ್ಕ ನಾ ಬಸ್ಸಿನಾಗ ಹೋಗ್ತೀನಿ."