ರುದ್ರಣ್ಣ ಊದಿದ ಮಷೀನು

ವಕೀಲಿಕೆಯಲ್ಲಿ ನನಗೆ ಜಮೀನಿನ ಪಾಲು, ಬದುವಿನ ಜಗಳ ಬಿಟ್ಟರೆ ಬೇರೆ ಅನುಭವವಿರಲಿಲ್ಲ. ಆದರೂ ರುದ್ರಣ್ಣ ಕುಡಿದು ಗಾಡಿ ಓಡಿಸಿದ ಕೇಸು ತಂದಾಗ, ಇದನ್ನೂ ಗೆಲ್ಲದಿದ್ದರೆ ನಾನು ಕರಿಕೋಟು ಹೊಲಿಸಿದ್ದೇ ದಂಡ ಅಂದುಕೊಂಡೆ.

ರುದ್ರಣ್ಣ ಸಂತೇಬೆನ್ನೂರಿನ ಬ್ಯಾಂಡ್‌ಸೆಟ್ಟಿನ ಯಜಮಾನರು. ಕ್ಲಾರಿಯೋನೆಟ್ ಊದುತ್ತಾರೆ. ನನ್ನ ಮದುವೆಗೆ ಊದಿದವರೂ ಅವರೇ. ಬ್ಯಾಂಡಿನವರನ್ನೆಲ್ಲ ತಮ್ಮ ಟೆಂಪೊದಲ್ಲಿ ಮದುವೆಮನೆಗೆ ಮುಟ್ಟಿಸುವವರೂ ಅವರೇ. ಒಂದು ಬೀಗರೂಟ ಮುಗಿಸಿ ಖಾಲಿ ಟೆಂಪೊ ತರುವಾಗ ಚನ್ನಗಿರಿ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿ, ಬಾಯಿಗೆ ಮಷೀನು ಹಿಡಿದಿದ್ದರು.

"ಲೈಸೆನ್ಸ್ ಹೋದ್ರೆ ಮದುವೆ ಸೀಜನ್ನೇ ಹೋದಂಗೆ ತಾಯಿ. ಹೆಂಗಾರ ಮಾಡಿ ಉಳಿಸಿಕೊಡ್ರಿ" ಎಂದರು.

ಕುಡಿದಿದ್ದಿರೋ ಇಲ್ಲವೋ ಎಂದು ನಾನು ಕೇಳಲಿಲ್ಲ. ದೊಡ್ಡ ವಕೀಲರು ಹಾಗೆಲ್ಲ ಕೇಳುವುದಿಲ್ಲ ಎಂದು ಎಲ್ಲೋ ಓದಿದ್ದೆ. ಮಷೀನನ್ನೇ ಹಿಡಿದು ಜಗ್ಗುವುದೆಂದು ತೀರ್ಮಾನಿಸಿ, ವಿಚಾರಣೆಯ ಹಿಂದಿನ ದಿನ ರುದ್ರಣ್ಣನನ್ನು ಮನೆಗೆ ಕರೆಸಿದೆ. ನನ್ನ ಗಂಡ ಊಟದ ಮೇಜಿನ ಹಿಂದೆ ಕೂತು ಜಡ್ಜ್ ಆದರು.

"ಮಷೀನು ಊದಿದ ಬಗ್ಗೆ ಏನಂತೀರಿ?"

"ಊದೋದನ್ನ ನಮ್ಮಪ್ಪನ ಹತ್ರ ಕಲಿತಿದ್ದು ಸ್ವಾಮಿ."

"ರುದ್ರಣ್ಣ, ನೀವು ಒಂದೇ ಮಾತು ಹೇಳ್ರಿ" ಎಂದು ನಾನು ನಡುವೆ ಬಂದೆ. "ಮಷೀನು ತಪ್ಪು ತೋರಿಸೈತೆ. ಅಷ್ಟೇ."

ಅವರು ಅದನ್ನು ಗಿಣಿಯಂತೆ ಒಪ್ಪಿಸಿ ಹೋದರು. ನನ್ನ ಗಂಡ ಮಾತ್ರ, "ಆ ಮನುಷ್ಯಗೆ ಸುಳ್ಳು ಹೇಳಾಕೆ ಬರಲ್ಲ, ನೋಡ್ಕೋ" ಎಂದರು. ಕಾನೂನು ಓದದವರ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ಕೋರ್ಟಿನಲ್ಲಿ ನನ್ನ ಪಾಟೀಸವಾಲು ಅಮೋಘವಾಗಿ ನಡೆಯಿತು. "ಈ ಮಷೀನನ್ನು ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿಸಿದಿರಿ?" ಎಂದೆ. ಪೊಲೀಸಿನವರು ಹಾಳೆ ತಿರುವಿದರು, ಮೀಸೆ ಒರೆಸಿಕೊಂಡರು, ನೆನಪಿಲ್ಲ ಎಂದರು.

"ನೆನಪಿಲ್ಲ! ದಯವಿಟ್ಟು ಇದನ್ನು ದಾಖಲಿಸಿಕೊಳ್ಳಬೇಕು, ಮಹಾಸ್ವಾಮಿ."

ಹಿಂದಿನ ಬೆಂಚಿನ ಹಿರಿಯ ವಕೀಲರೊಬ್ಬರು ಮೊಬೈಲಿನಿಂದ ತಲೆಯೆತ್ತಿ ನೋಡಿದರು. ನಾನು ಕೋಟಿನ ತೋಳು ಸರಿಮಾಡಿಕೊಂಡು ಕುಳಿತೆ.

ಆಮೇಲೆ ನಿಯಮದಂತೆ ಜಡ್ಜ್ ರುದ್ರಣ್ಣನನ್ನೇ ಕೇಳಿದರು. "ಮಷೀನಿನ ಸಾಕ್ಷ್ಯದ ಬಗ್ಗೆ ನೀವೇನು ಹೇಳ್ತೀರಿ?"

"ಮಷೀನು ತಪ್ಪು ತೋರಿಸೈತೆ ಸ್ವಾಮಿ."

ನನ್ನ ಎದೆ ಉಬ್ಬಿತು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಜಡ್ಜ್ ಬರೆದುಕೊಳ್ಳುವುದನ್ನು ಕಂಡು, ನನಗೆ ಇನ್ನೂ ಸ್ವಲ್ಪ ಸಹಾಯ ಮಾಡೋಣವೆಂದು ರುದ್ರಣ್ಣನಿಗೆ ಅನ್ನಿಸಿತು.

"ನಮ್ಮ ಲಾಯರಮ್ಮ ಹೇಳಿದ್ದು ಖರೇ ಐತೆ. ಮಷೀನು ನೋಡಿ ಪೊಲೀಸರು ಒಂದು ಕ್ವಾರ್ಟರ್ ಕುಡಿದಿರಬೇಕು ಅಂದ್ರು. ನಾನು ಕುಡಿದಿದ್ದು ಎರಡು!"

ಬೆರಳಚ್ಚುಗಾರರ ಕೈ ನಿಂತಿತು. ಜಡ್ಜ್ ಕನ್ನಡಕ ಇಳಿಸಿ ನನ್ನನ್ನು ನೋಡಿದರು.

"ವಕೀಲರೇ, ಇದನ್ನೂ ದಾಖಲಿಸಿಕೊಳ್ಳಲೇ?"

ದಂಡ ಬಿತ್ತು. ಲೈಸೆನ್ಸ್ ಆರು ತಿಂಗಳು ಅಮಾನತಾಯಿತು. ಹೊರಗೆ ಬಂದು ನಾನು ಮುಖ ಮುಚ್ಚಿಕೊಳ್ಳಲು ಜಾಗ ಹುಡುಕುತ್ತಿದ್ದರೆ, ರುದ್ರಣ್ಣ ನನ್ನನ್ನು ಮಂಡಕ್ಕಿ-ಮಿರ್ಚಿ ಅಂಗಡಿಗೆ ಕರೆದುಕೊಂಡು ಹೋದರು.

"ಬೇಜಾರು ಮಾಡ್ಕೋಬ್ಯಾಡ್ರಿ ತಾಯಿ. ಕುಡಿದು ಓಡಿಸಿದ್ದು ನಾನೇ ಅಲ್ಲೇನು? ಎದುರಿಗೆ ಯಾರಾದ್ರೂ ಬಂದಿದ್ರೆ ಏನು ಗತಿ ಆಗ್ತಿತ್ತು?" ಎಂದು ಮಿರ್ಚಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಆ ಸೀಜನ್ ಪೂರ್ತಿ ಟೆಂಪೊ ಓಡಿಸಿದ್ದು ಡ್ರಮ್ ಬಾರಿಸುವ ಅವರ ತಮ್ಮ. ರುದ್ರಣ್ಣ ಪಕ್ಕದ ಸೀಟಿನಲ್ಲಿ ಕೂತು, ಒಂದು ಹನಿಯನ್ನೂ ಮುಟ್ಟದೆ, ದಾರಿಯುದ್ದಕ್ಕೂ ಅವನಿಗೆ ಬುದ್ಧಿ ಹೇಳುತ್ತಿದ್ದರಂತೆ.

ಮೊನ್ನೆ ಹೊನ್ನಾಳಿಯ ಮದುವೆಯೊಂದರಲ್ಲಿ ಸಿಕ್ಕಿದರು. ಕ್ಲಾರಿಯೋನೆಟ್ ಕಂಕುಳಲ್ಲಿಟ್ಟುಕೊಂಡು, ನನ್ನನ್ನು ಗಂಡಿನ ಕಡೆಯವರ ಮುಂದೆ ಅಭಿಮಾನದಿಂದ ನಿಲ್ಲಿಸಿದರು.

"ಇವರೇ ನಮ್ಮ ಲಾಯರಮ್ಮ. ಏನು ಚಂದ ಮಾತಾಡ್ತಾರೆ ಅಂತೀರಿ. ಒಂದು ಸಲ ಕೋರ್ಟಿಗೆ ಹೋಗಿ ಕೇಳಬೇಕು ನೀವು." ಆಮೇಲೆ ದನಿ ತಗ್ಗಿಸಿದರು. "ಕೇಸು ಇದ್ರೆ ಮಾತ್ರ ಬೇರೆಯವರ ಹತ್ರ ಕೊಡ್ರಿ."