ಮಿಟುಕದ ಪೇಜು, ಎರಡಿಂಚಿನ ಪೈಪು

ಚೆನ್ನೈಗೆ ಬಂದು ಪ್ರೋಗ್ರಾಂ ಬರೆಯೋ ಕೆಲಸಕ್ಕೆ ಸೇರಿದ ಮೇಲೆ ನನಗೆ ವಾರಕ್ಕೊಂದಾದರೂ ಇಂಥ ಪೇಚಾಟ ಆಗುತ್ತಲೇ ಇತ್ತು. ಮೈಸೂರಲ್ಲಿ ಹೇಳಿದರೆ ಮನೆಯವರೆಲ್ಲ ನಗುತ್ತಾರೆ. ನಗಲಿ! ನಾನೇನು ಹೆದರಿ ಊರಿಗೆ ಓಡಿ ಬಂದವಳಲ್ಲ.

೧. ಹೋಯ್ತಾ, ಇಲ್ವಾ?

ಎರಡು ಸಾವಿರದ ಆರೋ ಏಳೋ ಇರಬೇಕು. ಚೆನ್ನೈ ಹೊರವಲಯದ ಮಣಲಿಯ ಒಂದು ಕಾರ್ಖಾನೆಯ ಸ್ಟೋರ್ಸ್‌ಗೆ ವೆಬ್ ಪೇಜ್ ಮಾಡುತ್ತಿದ್ದೆವು. ಬಂದ ಸಾಮಾನಿನ ಹೆಸರು, ಅಳತೆ ತುಂಬಿ ಗುಂಡಿ ಒತ್ತಿದರೆ ಇಡೀ ಪೇಜು ಬೆಳ್ಳಗಾಗಿ, ಸರ್ವರ್‌ಗೆ ಹೋಗಿ, ನಿಧಾನಕ್ಕೆ ವಾಪಸ್ ಬರುತ್ತಿತ್ತು. ಅಷ್ಟರಲ್ಲಿ ಒಂದು ಕಾಫಿ ಮುಗಿಸಬಹುದು. ನಾನು, ಪೇಜು ಅಲ್ಲಾಡದ ಹಾಗೆ ಮಾಹಿತಿಯನ್ನಷ್ಟೇ ಪೊಟ್ಟಣ ಕಟ್ಟಿ ಕಳಿಸುವ ಸ್ಕ್ರಿಪ್ಟ್ ಬರೆದೆ.

ನಮ್ಮ ಮ್ಯಾನೇಜರೂ ಕನ್ನಡದವರೇ. ಆದರೆ ಚೆನ್ನೈನಲ್ಲೇ ಹುಟ್ಟಿ ಬೆಳೆದವರು, ಮಾತಿನಲ್ಲಿ ಅರ್ಧ ತಮಿಳು. ಒಂದು ಪಂಪಿನ ಹೆಸರು ತುಂಬಿ ಗುಂಡಿ ಒತ್ತಿ ಮುಖ ಗಂಟು ಹಾಕಿದರು.

"ಎನ್ನಮ್ಮಾ ಇದು, ಪೇಜೇ ಮಿಟುಕಲಿಲ್ಲ?"

"ಮಿಟುಕೋದು ಬೇಡ ಸಾರ್, ಹೋಯ್ತು."

"ಮಿಟುಕದೆ ಹೋಯ್ತು ಅಂದ್ರೆ ಯಾರು ನಂಬ್ತಾರೆ?" ಅಂತ ಮತ್ತೆ ಮತ್ತೆ ಒತ್ತಿದರು. "ಶುಕ್ರವಾರ ಮಣಲೀಲಿ ತೋರಿಸು. ಕೆಟ್ಟರೆ ಹಳೇ ಪದ್ಧತೀನೇ. ನೀನು ಕೋಡಿಂಗ್ ಬಿಟ್ಟು ಯೂಸರ್ ಮ್ಯಾನ್ಯುಯಲ್ ಬರಿ, ಶರಿಯಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಸರ್ವರ್‌ನಲ್ಲಿ ಸೇರಿದ್ದರ ಪಟ್ಟಿ ತೆಗೆದು ತೋರಿಸಿದೆ. ಒಂದೇ ಪಂಪು ಏಳು ಸಲ ಬಂದು ಕೂತಿತ್ತು. "ಹೋಗಿದೆ ಸಾರ್, ಎಣಿಸಿಕೊಳ್ಳಿ!" ಅಂದೆ.

೨. ಇಲ್ಲೇ

ಎರಡು ಸಲ ಒತ್ತಿದರೂ ಒಂದೇ ಸಲ ಹೋಗುವ ಹಾಗೆ ಸ್ಕ್ರಿಪ್ಟ್ ತಿದ್ದಿ, ಒಂದು ಸಲ ಕಳಿಸಿದೆ. ಸರ್ವರ್ ನೋಡಿಕೊಳ್ಳುವವನು ಮೇಲಿನ ಮಹಡಿಯ ತಮಿಳು ಹುಡುಗ. ಫೋನ್ ಮಾಡಿ ನನ್ನ ಹರಕುಮುರುಕು ತಮಿಳಲ್ಲಿ, "ಡೇಟಾ ವಂದುದಾ?" ಅಂತ, ಅಂದರೆ ಬಂತಾ ಅಂತ ಕೇಳಿದೆ. "ಇಲ್ಲೆ," ಅಂದ.

ಆಹಾ, ಇಲ್ಲೇ ಇದೆ! ಇನ್ನೆರಡು ಸಲ ಕಳಿಸಿದೆ. "ಇಲ್ಲೆ." "ಇಲ್ಲೆ." ಖುಷಿಯಿಂದ ಮ್ಯಾನೇಜರನ್ನು ಕರಕೊಂಡು ಮೇಲಿನ ಮಹಡಿಗೇ ಹೋಗಿ ತೋರಿಸಿದರೆ ಸರ್ವರ್‌ನಲ್ಲಿ ಏನೂ ಇಲ್ಲ, ಖಾಲಿ. ತಮಿಳಲ್ಲಿ 'ಇಲ್ಲೆ' ಅಂದರೆ ಇಲ್ಲ ಅಂತ ನನಗೆ ಗೊತ್ತಾದದ್ದು ಆವತ್ತು.

"ಮೂರು ಸಲ ಇಲ್ಲೆ ಅಂದೆನಲ್ಲ!" ಅಂತ ಆ ಹುಡುಗ ರೇಗಿದ.

"ಮೂರು ಸಲಾನೂ ನಾನು ಥ್ಯಾಂಕ್ಸ್ ಹೇಳಿದೆನಲ್ಲ, ನಿನಗಾದರೂ ಅನುಮಾನ ಬರಬಾರದಿತ್ತಾ?" ಅಂದೆ.

೩. ಇಂಚಿನ ಗುರುತು

ಸ್ಕ್ರಿಪ್ಟಿನಲ್ಲಿ ಸರ್ವರ್‌ನ ವಿಳಾಸದ ಒಂದು ಅಕ್ಷರ ತಪ್ಪಿತ್ತು, ಸರಿಮಾಡಿದೆ. ಶುಕ್ರವಾರ ಮಣಲಿ. ಕಾರ್ಖಾನೆಯ ಇಂಜಿನಿಯರು, ನಮ್ಮ ಮ್ಯಾನೇಜರು, ನಾನು. ಕೀಬೋರ್ಡ್ ಮುಂದೆ ನಿವೃತ್ತಿಗೆ ಹತ್ತಿರವಾದ ಸ್ಟೋರ್‌ಕೀಪರ್. ವಾಲ್ವು ಹೋಯಿತು, ಬೋಲ್ಟು ಹೋಯಿತು. ಆಮೇಲೆ ಅವರು 2" ಪೈಪ್ ಅಂತ ಒತ್ತಿದರು. ಪರದೆ ತುಂಬ ಕೆಂಪಕ್ಷರ!

ನನ್ನ ಪೊಟ್ಟಣದಲ್ಲಿ ಪ್ರತಿಯೊಂದು ಪದದ ಆಚೆಗೂ ಈಚೆಗೂ ಜೋಡಿ ಉದ್ಧರಣ ಚಿಹ್ನೆ. ಇಂಚಿನ ಗುರುತೂ ಅದೇ ಗೀಟು. ಅದು ಕಂಡದ್ದೇ ಸರ್ವರ್, ಮಾತು ಮುಗಿಯಿತು ಅಂದುಕೊಂಡು ಬಿಟ್ಟಿದೆ.

"ನಾನು ಆಗ್ಲೇ ಹೇಳ್ದೆ," ಅಂದರು ಮ್ಯಾನೇಜರು. "ಹಳೇ ಪದ್ಧತಿಗೇ ಹೋಗೋಣ."

"ತಪ್ಪು ನಂದು, ಪದ್ಧತೀದಲ್ಲ. ಹತ್ತು ನಿಮಿಷ ಕೊಡಿ. ಆಗದಿದ್ರೆ ಮ್ಯಾನ್ಯುಯಲ್ ಇವತ್ತೇ ಶುರು ಮಾಡ್ತೀನಿ," ಅಂದೆ. ಕೀಬೋರ್ಡ್ ನನ್ನ ಕಡೆಗೆ ಎಳೆದುಕೊಂಡೆ. ಆ ಗೀಟು ಬಂದಾಗೆಲ್ಲ ಹಿಂದೆ ಒಂದು ಓರೆಗೆರೆ ಸೇರಿಸಿದೆ, ಇದು ಮಾತಿನ ಕೊನೆಯಲ್ಲ ಅಂತ ಸರ್ವರ್‌ಗೆ ತಿಳಿಯಲಿ ಅಂತ. ಎರಡಿಂಚು ಹೋಯಿತು. ಮೂರಿಂಚೂ ಹೋಯಿತು. "ಇದೇ ಇರಲಿ," ಅಂತ ಇಂಜಿನಿಯರು ರುಜು ಹಾಕಿದರು.

ಮ್ಯಾನೇಜರಿಗೆ ಆದರೂ ಸಮಾಧಾನವಿಲ್ಲ. ಸ್ಟೋರ್‌ಕೀಪರ್ ಕಡೆ ತಿರುಗಿ ತಮಿಳಲ್ಲಿ, "ಯಾವುದಕ್ಕೂ ಇರಲಿ, ಇನ್ನು ಮೇಲೆ ಆ ಇಂಚಿನ ಗುರುತು ಹಾಕಬೇಡಿ, ಕಂಪ್ಯೂಟರ್‌ಗೆ ಕಷ್ಟ," ಅಂದರು.

ಆ ಹಿರಿಯರು ಕನ್ನಡಕ ಕೆಳಗಿಳಿಸಿ ಅವರನ್ನೇ ನೋಡಿದರು.

"ಸಾರ್, ಕಂಪ್ಯೂಟರ್ ಹುಟ್ಟೋ ಮೊದಲೇ ಈ ಪೈಪು ಎರಡಿಂಚು ಇತ್ತು. ಕಷ್ಟ ಆದ್ರೆ ಅದೇ ರಾಜೀನಾಮೆ ಕೊಡಲಿ!"